ಎಡಗಡೆಯ ಕೀಲು

...ಅದು ಬ್ಯಾಡ. ಮೊಬೈಲಿನಾಗ ಅದರ ಕೆಳಗಿನ ಚಿತ್ರ ಒತ್ತು. ಹಾಂ, ಅದೇ. ಮುಂದಿನ ಎಕ್ಸೆಲ್ ಎರಡೂ ಕಡೀದು, ಸಿವಿ ಜಾಯಿಂಟು ಎರಡೂ ಕಡೀದು, ಇಡೀ ಸೆಟ್ಟು ತರಿಸಿಬಿಡು. ಕೊಯಮತ್ತೂರಿನವರು. ಇವತ್ತು ಹೇಳಿದ್ರ ಗುರುವಾರ ಪಾರ್ಸೆಲ್ ಶಿರಸಿಗೆ ಬರ್ತೈತಿ. ಶುಕ್ರವಾರ ನಾನೇ ಕೂಡಿಸ್ತೀನಿ. ಐತವಾರ ನೀ ಮತ್ತ ಇಡಗುಂದಿಯ ಜೀಪಿನ ರೇಸಿಗೆ ಹೋಗು, ಗುಡ್ಡ ಹತ್ತು, ಕಪ್ ತಗೊಂಡು ಬಾ. ಮುಗೀತಲ್ಲ.

ಸೊಹೇಲನ ಅಂಗಡಿದು ಮಾತ್ರ ಬ್ಯಾಡ.

ಯಾಕ ಹಂಗ ನೋಡ್ತಿ, ಸ್ಫೂರ್ತಿ? ಬ್ಯಾಡ ಅಂದೆ, ಅಷ್ಟ. ಸೊಹೇಲ ಕಳ್ಳ ಅಂತ ಅಂದೀನಾ ನಾನು? ನಿನ್ನೆ ಸಂಜಿಕ ನಿಮ್ಮ ಜೀಪಿನ ಸಂಘದ ಸಂಜಯ, ಅವನ ಹಿಂದ ಒಂದು ಏಳೆಂಟು ಮಂದಿ, ನಿನ್ನ ಜಿಪ್ಸಿಗೆ ಹಗ್ಗ ಕಟ್ಟಿ ಎಳಕೊಂಡು ಬಂದು ಈ ಗ್ಯಾರೇಜಿನ ಬಾಗಿಲಾಗ ನಿಲ್ಲಿಸಿದ್ರು. ನೀ ಆಗಲೇ ಮನೀಗೆ ಹೋಗಿದ್ದಿ. ಅವರು ಕೇಳಿದ್ರು. ಅಜ್ಜಾರ, ಹೊಸ ಜಾಯಿಂಟು ಹಾಕಿ ಎಂಟು ದಿನ ಆಗಿಲ್ಲ, ಮುರದೈತಿ, ಅಂದ್ರ ಸೊಹೇಲ ಕೊಟ್ಟ ಮಾಲು ಖೋಟಾನ ಇರಬೇಕಲ್ಲರಿ ಅಂತ. ನಾ ಏನಂದೆ? ಏನೂ ಅನ್ನಲಿಲ್ಲ. ನಾಲಿಗಿ ಲೊಚಗುಟ್ಟಿದೆ. ಅದನ್ನ ಅವರು ಹೌದು ಅಂತ ತಿಳಕೊಂಡ್ರ ನಾ ಏನು ಮಾಡ್ಲಿ?

ಒಂದು ಮಾತೂ ಆಡಿಲ್ಲ ನಾನು.

ಗೊತ್ತೈತಿ, ಗೊತ್ತೈತಿ. ಇವತ್ತು ನಾಕು ಗಂಟೆಗೆ ಸೊಹೇಲನ ಅಂಗಡಿ ಮುಂದ ಎಲ್ಲಾರೂ ಕೂಡ್ತಾರ. ಅವನ ಕಡೆ ಸಾಮಾನು ತಗೋಬ್ಯಾಡ್ರಿ ಅಂತ ಶಿರಸಿ, ಸಿದ್ದಾಪುರ, ಯಲ್ಲಾಪುರ, ಮೂರೂ ಊರಿನ ಜೀಪಿನವರ ಮೊಬೈಲಿಗೆ ಹಾಕ್ತಾರ. ಹಾಕಿದ್ರಂದ್ರ ಆ ಹುಡುಗ ಅಂಗಡಿ ಮುಚ್ಚಿದಂಗ. ಅವನ ಗಿರಾಕಿ ಅಂದ್ರ ಇವರ. ಅವ ಹೇಳಿ ಕಳಿಸ್ಯಾನಂತ, ಶಿವಲಿಂಗಪ್ಪಜ್ಜ ಆ ಜಾಯಿಂಟು ನೋಡಿ ಒಂದು ಮಾತು ಹೇಳ್ಲಿ, ಅವರು ಖೋಟಾ ಅಂದ್ರ ನಾನೇ ಬೋರ್ಡು ಇಳಸ್ತೀನಿ ಅಂತ. ಅದಕ್ಕ ನೀ ಬಂದಿ, ನನ್ನ ಕರಕೊಂಡು ಹೋಗಾಕ. ಬಾಯಿ ಬಿಡದಿದ್ರೂ ಗೊತ್ತಾಕ್ಕೈತಿ ನನಗ.

ನಾ ಬರಂಗಿಲ್ಲ.

ಮಾತಾಡೋ ಮನಷ್ಯಾ ಅಲ್ಲವ್ವಾ ನಾನು. ಬನವಾಸಿ ರಸ್ತೇದಾಗ ಯಾರನ್ನ ಬೇಕಾದ್ರೂ ಕೇಳು. ನಿಮ್ಮಜ್ಜಿ ಶಾರದವ್ವನ್ನ ಕೇಳು. ಮದವಿ ಆಗಿ ಮೂರು ತಿಂಗಳು ನಾ ಮೂಕ ಅಂತ ತಿಳಕೊಂಡಿದ್ಲಂತ, ತೌರುಮನಿಯವರು ಮುಚ್ಚಿಟ್ಟು ಕೊಟ್ಟಾರ ಅಂತ ಒಳಗೊಳಗ ಅತ್ತಿದ್ಲಂತ. ಒಂದಿನ ಸಾರಿಗೆ ಉಪ್ಪು ಕಡಿಮಿ ಐತಿ ಅಂದೆ. ಎದ್ದು ಹೋಗಿ ದೇವರಿಗೆ ತುಪ್ಪದ ದೀಪ ಹಚ್ಚಿದ್ಲು.

ನಗ್ತಿ ಅಂತ ಮಾಡಿದ್ದೆ.

ನಗಲಿಲ್ಲ. ಇರ್ಲಿ.

...ಅದನ್ನ ಯಾಕ ಎತ್ತಿಕೊಂಡಿ? ಇಡು ಅಲ್ಲೇ. ಆ ಟ್ರೇ ತುಂಬ ಸುಟ್ಟ ಗ್ರೀಸು, ಅಂಗಿ ಹೊಲಸಾಕ್ಕೈತಿ. ಮುರಿದದ್ದರಾಗ ಇನ್ನ ಏನು ನೋಡೋದು? ಬೆಳಿಗ್ಗೆ ನಾನೇ ಬಿಚ್ಚಿ ನೋಡೀನಿ. ಜಾಯಿಂಟಿನ ಬಟ್ಟಲ ಮೂರು ಹೋಳು ಆಗೈತಿ, ಅದರೊಳಗಿನ ಆರು ಗುಂಡಿನಾಗ ನಾಕು ಸಿಕ್ಕಾವು. ಹನ್ನೆರಡಕ್ಕ ಗುಜರಿಯವ ಬರ್ತಾನ, ತಕ್ಕಡ್ಯಾಗ ಹಾಕಿ ಕಳಸ್ತೀನಿ. ನೀ ಇಷ್ಟು ಲಗೂನ ಬರ್ತಿ ಅಂತ ಗೊತ್ತಿರಲಿಲ್ಲ.

ಡೀಸೆಲ್ ಯಾಕ?

ತೊಳಿಯಾಕ? ಹೂಳೋ ಹೆಣಕ್ಕ ಸಾಬಾಣ ಹಚ್ಚಿದಂಗ ಆತು. ಬಿಡು, ನಿನ್ನ ಇಷ್ಟ. ಕೈಗೆ ಕೆಲಸ ಇರ್ಲಿ. ನನ್ನ ಮಾತು ಕೇಳಕೋಂತ ತೊಳಿ.

ನಿಮ್ಮ ಈ ಆಟಾನ ನನಗ ತಿಳಿಯಂಗಿಲ್ಲ ನೋಡು. ನಾ ಯಲ್ಲಾಪುರದ ಅಡವ್ಯಾಗ ಜೀಪು ಓಡಸೂ ಕಾಲಕ್ಕ ಅಲ್ಲಿ ರಸ್ತೆ ಇರಲಿಲ್ಲ. ರಸ್ತೆ ಮಾಡ್ರಿ ಅಂತ ಅರ್ಜಿ ಬರದು ಬರದು ಮಂದಿ ಮುದುಕರಾದ್ರು. ಕಡೀಕ ಸರಕಾರ ಡಾಂಬರು ಹಾಕ್ತು. ಈಗ ನೀವು ಬಂದೀರಿ, ಆ ಡಾಂಬರು ಬಿಟ್ಟು ಕೆಸರಿಗೆ ಇಳಿಯಾಕ ಫೀ ಕಟ್ಟತೀರಿ. ಕೆಸರು ಸಾಲದಿದ್ರ ಟ್ಯಾಂಕರಿನಾಗ ನೀರು ತಂದು ಹೊಡಸ್ತೀರಿ. ಮ್ಯಾಲ ಒಂದು ಬ್ಯಾನರು, ಕೆಳಗ ಒಂದು ಆಂಬುಲೆನ್ಸು. ಸಿಕ್ಕೊಂಡವರನ್ನ ಎಳಿಯಾಕ ಇನ್ನೊಂದು ಜೀಪು, ಆ ಜೀಪು ಸಿಕ್ಕೊಂಡ್ರ ಅದನ್ನ ಎಳಿಯಾಕ ಮತ್ತೊಂದು. ಹೋದ ವರ್ಷ ಸಂಜಯ ಕರದಾನಂತ ಬಂದಿದ್ದೆ, ಒಬ್ಬ ಸಾಹೇಬರು ಕೆಸರಾಗಿನಿಂದ ಎದ್ದು ಬಂದು ನನ್ನ ಕೈ ಕುಲುಕಿದ್ರು. ನಿಮ್ಮಂಥ ಹಳೇ ಆಫ್‌ರೋಡ್ ಡ್ರೈವರುಗಳೇ ನಮಗ ಗುರು ಅಂದ್ರು. ನಾ ಹೇಳಬೇಕಂತ ಮಾಡಿದ್ದೆ, ಸಾಹೇಬ್ರ, ಅದು ಆಫ್‌ರೋಡ್ ಅಂತ ನಮಗ ಗೊತ್ತಿರಲಿಲ್ಲ, ನಾವು ಅದನ್ನ ಹೊಟ್ಟೀಪಾಡು ಅಂತಿದ್ವಿ. ಹೇಳಲಿಲ್ಲ. ಯಾಕ ಸುಮ್ಮನ.

ಆದ್ರ ನಿನಗ ಎಂದಾದ್ರೂ ಬ್ಯಾಡ ಅಂದೀನಾ? ಹದಿನೈದು ವರ್ಷದಾಕಿ ಇದ್ದಾಗ ಕ್ಲಚ್ ಹೆಂಗ ಬಿಡಬೇಕು ಅಂತ ಕಲಿಸಿದವ ಯಾರು? ಗಾಡಿ ಕೊಳ್ಳತೀನಿ, ಟೂರಿಸ್ಟರನ್ನ ಜಲಪಾತಕ್ಕ ಒಯ್ತೀನಿ ಅಂದಿ, ನಿಮ್ಮಪ್ಪ ಮೂರು ದಿನ ಮಾರಿ ಉಬ್ಬಿಸಿಕೊಂಡಿದ್ದ, ಇಲಾಖೆ ಹರಾಜಿನಾಗ ಆ ಜಿಪ್ಸಿ ಹಿಡಿದು ಕೊಟ್ಟವ ಯಾರು? ನಾನ. ಬ್ಯಾಡ ಅನ್ನೋ ಶಬ್ದನ ಬಂದಿಲ್ಲ ನನ್ನ ಬಾಯಾಗ.

ಹೂಂ. ಬಾಯಾಗ ಬಂದಿಲ್ಲ.

ನೀ ಆ ಕಣ್ಣಿಲೆ ನೋಡಬ್ಯಾಡ, ಕೆಲಸ ಮಾಡು.

ಯಾಕ ಮುರೀತು ಅಂತ ಕೇಳ್ತಿಯಲ್ಲ... ಕೇಳಲಿಲ್ಲಾ? ಆದ್ರೂ ಹೇಳ್ತೀನಿ. ಮೊದಲನೇದು, ನಿನ್ನ ಟಾಯರು. ಅಷ್ಟು ದೊಡ್ಡ ಟಾಯರು ಜಿಪ್ಸಿಗೆ ಯಾಕ? ಕರೂಗೆ ಎತ್ತಿನ ಗೆಜ್ಜಿ ಕಟ್ಟಿದಂಗ. ಟಾಯರು ದೊಡ್ಡದಾದಷ್ಟು ಭಾರ ಎಲ್ಲಾ ಎಕ್ಸೆಲ್ಲಿನ ಮ್ಯಾಲ. ಎರಡನೇದು, ಸ್ಟೇರಿಂಗು ಪೂರ್ತಿ ಹೊರಳಿಸಿ ಎಕ್ಸಿಲೇಟರ್ ಒತ್ತಿರಬೇಕು ನೀನು. ಸಿವಿ ಜಾಯಿಂಟು ಸಾಯೋದೇ ಅಲ್ಲಿ. ಗಾಲಿ ನೆಟ್ಟಗ ಇದ್ದಾಗ ಅದು ಆನಿ ಎಳೀತೈತಿ, ಪೂರ್ತಿ ಹೊರಳಿದಾಗ ಕತ್ತೆ ಸೈತ ಎಳಿಯಂಗಿಲ್ಲ. ನಿಮ್ಮಜ್ಜಿ ಬೆಳಿಗ್ಗೆ ರೊಟ್ಟಿ ಬಡಿಯೂವಾಗ ಕೇಳಿದ್ಲು, ಮುರಿದದ್ದು ಏನು ಅಂತ. ಮೊಣಕಾಲ ಕೀಲು ಇದ್ದಂಗ, ಕಾಲು ಎತ್ತ ಹೊರಳಿದ್ರೂ ಶಕ್ತಿ ಮುಂದಕ ದಾಟಿಸ್ತೈತಿ ಅಂದೆ. ಹಂಗಾದ್ರ ನನ್ನ ಮೊಣಕಾಲಿಗೂ ಗ್ರೀಸು ತುಂಬು ಅಂದ್ಲು.

ಪೂರ್ತಿ ಹೊರಳಿಸಿದ್ದೆ ಹೌದಲ್ಲ?

ಇಲ್ಲಾ? ಗಾಲಿ ನೆಟ್ಟಗ ಇತ್ತಾ?

ತಲಿ ಅಲ್ಲಾಡಿಸಿದಿ. ಆತು, ನೆಟ್ಟಗ ಇತ್ತು ಅಂತ ಇಟ್ಟುಕೋ. ಹಂಗಾದ್ರ ಮೂರನೇದು, ಕಬ್ಬಿಣ. ಈ ಜಾಯಿಂಟು ಮಾಡೋದು ಒಂದು ಜಾತಿ ಉಕ್ಕಿನಾಗ. ಹದಾ ತಪ್ಪಿದ್ರ, ಮ್ಯಾಲ ಗಟ್ಟಿ ಒಳಗ ಬೆಲ್ಲ. ಕಣ್ಣಿಗೆ ಗೊತ್ತಾಗಂಗಿಲ್ಲ. ಸೊಹೇಲಗೂ ಗೊತ್ತಾಗಿರಲಿಕ್ಕಿಲ್ಲ. ಅವ ಬೇಕಂತ ಮಾಡ್ಯಾನ ಅನ್ನಂಗಿಲ್ಲ ನಾನು. ಅವಂಗೂ ಯಾರೋ ಮೋಸ ಮಾಡ್ಯಾರ, ಅಷ್ಟ. ಹಂಗಂತ ನೀನೇ ಹೋಗಿ ಹೇಳಿಬಿಡು. ಯಾರ ತಪ್ಪೂ ಅಲ್ಲ ಅಂತ. ಎಲ್ಲಾರಿಗೂ ಸಮ ಆಕ್ಕೈತಿ.

ತೊಳಿಯೋದು ಸಾಕು. ಹೊಳೀತೈತಿ ಅದು. ಒಂದು ಚೂರು ಆತಲ್ಲ, ಉಳಿದದ್ದು ಬಿಡು.

ಕೊಯಮತ್ತೂರಿನ ಸೆಟ್ಟಿನ ಮಾತಿಗೆ ಬಾ. ತಗೋಳೋದಿದ್ರ ನಾಕೂ ಒಟ್ಟಿಗೆ ತಗೋಬೇಕು. ಬರೀ ಜಾಯಿಂಟು ಗಟ್ಟಿ ಮಾಡಿದಿ ಅಂದ್ರ ಎಕ್ಸೆಲ್ ಮುರೀತೈತಿ. ಎಕ್ಸೆಲ್ ಗಟ್ಟಿ ಮಾಡಿದಿ, ನಡುವಿನ ಕ್ರೌನ್ ಚಕ್ರದ ಹಲ್ಲು ಹೋಗ್ತಾವು. ಕ್ರೌನ್ ಗಟ್ಟಿ ಮಾಡಿದಿ, ಅದನ್ನ ಮುಚ್ಚಿದ ಹೌಸಿಂಗು ಸೀಳ್ತೈತಿ. ಒಂದು ಕಡೆ ಗಟ್ಟಿ ಮಾಡಿದ್ರ ಕೇಡು ಸಾಯಂಗಿಲ್ಲ, ಪಕ್ಕದ ಮನೀಗೆ ಹೋಗ್ತೈತಿ. ಇದು ಪುಸ್ತಕದಾಗಿನ ಮಾತಲ್ಲ. ನಮ್ಮ ನಾಟಾ ಎಳೆಯೋ ಕಾಲದ್ದು.

ಆವಾಗ ಮಿಲಿಟರಿಯವರು ಬಿಟ್ಟ ಜೀಪು ಹರಾಜಿನಾಗ ಸಿಗ್ತಿದ್ವು. ಡಿಸ್ಪೋಸಲ್ ಜೀಪು ಅಂತಿದ್ವಿ. ಅವಕ್ಕ ಸರಪಳಿ ಕಟ್ಟಿ ದಿಮ್ಮಿ ಎಳಕೊಂಡು ಬರೋದು. ನಾನು, ನನ್ನ ತಮ್ಮ ಬಸವರಾಜ, ಮತ್ತ ಅಬ್ದುಲ್ ಗಫೂರ್, ಅದೇ ಸೊಹೇಲನ ಅಪ್ಪ, ಮೂರೂ ಮಂದಿ ಒಂದೇ ಗುತ್ತಿಗೆದಾರನ ಕಡೆ ಇದ್ವಿ. ನಮ್ಮೊಳಗ ಒಂದು ಪದ್ಧತಿ ಇತ್ತು. ಎಲ್ಲಾ ಗಟ್ಟಿ ಮಾಡ್ರಿ, ಮುಂದಿನ ಎಡಗಡೇದು ಮಾತ್ರ ಹಳೇದಿರ್ಲಿ ಅಂತ. ಬೇಕಂತ. ಯಾಕಂದ್ರ ಗಾಡಿಗೆ ಒಂದು ಸೋಲೋ ಜಾಗ ಇರಬೇಕು. ಭಾರ ಮಿತಿ ಮೀರ್ತಂದ್ರ ಮೊದಲು ಅದು ಮುರೀತೈತಿ, ಮುಂದ ಹತ್ತೋ ಶಕ್ತಿ ಹೋಗ್ತೈತಿ, ಗಾಡಿ ಗುಡ್ಡದ ಬುಡಕ್ಕ ನಿಂತುಬಿಡ್ತೈತಿ. ಡ್ರೈವರು ಬೈಕೋಂತ ಇಳೀತಾನ, ಬೀಡಿ ಹಚ್ಚತಾನ, ಅರ್ಧಾ ತಾಸಿನಾಗ ಇನ್ನೊಂದು ಹಾಕ್ಕೋತಾನ. ಮುರಿಯೋದು ಅಗ್ಗದ್ದಿರಬೇಕು, ಕೈಗೆ ಸಿಗೂವಂಥಾದ್ದಿರಬೇಕು. ಅಬ್ದುಲ್‌ನ ಮಾತದು.

ಬಸವರಾಜ ಕೇಳಲಿಲ್ಲ. ಅವಂಗ ಸೋಲೋದು ಅಂದ್ರ ಆಗಿಬರ್ತಿರಲಿಲ್ಲ. ಹುಬ್ಬಳ್ಳಿಗೆ ಹೋಗಿ ಎರಡೂ ಕಡೆ ದಪ್ಪನ ಎಕ್ಸೆಲ್ ಮಾಡಿಸಿಕೊಂಡು ಬಂದ. ನಮ್ಮ ಗಾಡಿ ನಿಂತಲ್ಲಿ ಅವನ ಗಾಡಿ ಹತ್ತಿತು. ಹತ್ತಿತು, ಹತ್ತಿತು. ಯಾರೂ ಹತ್ತಬಾರದ ಜಾಗಕ್ಕ ಹತ್ತಿ, ಅಲ್ಲಿಂದ ಹಿಂದಕ್ಕ ಮಗಚಿಕೊಂಡು ಬಂತು. ಎತ್ತಿ ನೋಡಿದ್ರ ಬಸವರಾಜ ಉಳದಿರಲಿಲ್ಲ, ಎಕ್ಸೆಲ್ಲಿಗೆ ಒಂದು ಗೀರಿಲ್ಲ.

ಯಾರೂ ನನಗ ಈ ಕತಿ ಹೇಳು ಅಂತ ಕೇಳಿಲ್ಲ. ನಾನೂ ಹೇಳಿದವನಲ್ಲ. ಇವತ್ತ ಹೇಳಿದೆ.

ನೀ ಯಾಕ ತೊಳಿಯೋದು ನಿಲ್ಲಿಸಿದಿ?

ಹಂಗಲ್ಲವ್ವಾ. ಅದು ಬ್ಯಾರೆ ಕಾಲ. ಸುಮ್ಮನ ಹೇಳಿದೆ, ಸಾಮಾನು ಆರಿಸೋವಾಗ ಉಪಯೋಗ ಆಗ್ಲಿ ಅಂತ. ಈಗಿನ ಹುಡುಗುರಿಗೆ ಸೋಲೋ ಜಾಗ ಬೇಕಾಗಿಲ್ಲ, ಎಲ್ಲಾ ಗಟ್ಟಿನ ಬೇಕು. ತಗೊಳ್ರಿ. ಯಾರು ಬ್ಯಾಡ ಅಂದ್ರು?

ಹೆಗಲಿಗೆ ಏನದು, ಪಟ್ಟಿ ಕಟ್ಟ್ಯಾರ? ತುಸು ಉಳುಕೈತಿ ಅಂತ ನಿಮ್ಮಜ್ಜಿ ಅಂದ್ಲು. ಉಳುಕಿಗೆ ಯಾರೂ ಹಂಗ ಕೊರಳಿಗೆ ಕೈ ಕಟ್ಟಿ ಬಿಡಂಗಿಲ್ಲ. ಎಲುಬಾ?

ಗಾಡಿ ನಿಂತಾಗ ಬಡದೈತಿ ಅಲ್ಲ, ಸ್ಟೇರಿಂಗಿಗೆ? ಮೊದಲನೇ ಕೆಸರಗುಂಡ್ಯಾಗ?

ಇಲ್ಲಾ? ಎರಡನೇದು?

ಬೆರಳು ಮ್ಯಾಲ ಯಾಕ ಮಾಡ್ತಿ? ಮ್ಯಾಲ ಅಂದ್ರ ಎಲ್ಲಿ? ಆ ಕಲ್ಲಿನ ಏರಾ? ಕಡೀ ಏರಾ, ಬಲಕ್ಕ ಹಳ್ಳ ಬೀಳ್ತೈತಲ್ಲ, ಅದಾ?

ಅಲ್ಲೀತನಾ ಹೋಗಿತ್ತಾ ಅದು?

ಸಾಧ್ಯನ ಇಲ್ಲ. ಅದು ಮೊದಲನೇ ಗುಂಡ್ಯಾಗನ ಹೋಗಬೇಕಾಗಿತ್ತು. ನಾ ಲೆಕ್ಕಾ ಹಾಕಿದ್ದೆ. ಮೊದಲನೇ ಗುಂಡಿ, ಸಪಾಟು ನೆಲ, ಸುತ್ತ ಮಂದಿ, ಕಟ್ ಅಂದು ನಿಂದರಬೇಕಾಗಿತ್ತು, ನೀ ಇಳಿದು ನಾಕು ಬೈಗಳ ಬೈದು...

...

ಏನೂ ಇಲ್ಲ. ನಾ ಏನೋ ಅಂದೆ. ವಯಸ್ಸಾತು.

ಹೊಸ ಜಾಯಿಂಟಿನ ಮಾತ ಹೇಳಿದ್ದು. ಖೋಟಾ ಮಾಲು ಆದ್ರ ಮೊದಲನೇ ಗುಂಡಿಗೇ ಹೋಗಬೇಕಲ್ಲ ಅಂತ. ಅದು ಹಂಗ.

ಲೆಕ್ಕಾ ಹಾಕಿದ್ದೆ ಅಂದೆನಾ? ಇಲ್ಲ, ಹಂಗಂದಿಲ್ಲ. ಅಂದಿದ್ರೂ ಬಾಯಿ ತಪ್ಪಿ ಬಂದೈತಿ. ಇದಕ್ಕ ನೋಡು, ನಾ ಮಾತಾಡಂಗಿಲ್ಲ ಅನ್ನೋದು. ಎಪ್ಪತ್ತು ವರ್ಷ ಬಾಯಿ ಮುಚ್ಚಿಕೊಂಡು ಸುಖ ಇದ್ದೆ.

ನೀ ಏನಾದ್ರೂ ಮಾತಾಡು. ಬೈ. ಬಂದಾಗಿಂದ ಒಂದು ಶಬ್ದ ಆಡಿಲ್ಲ ನೀನು. ಹೆಣ್ಣುಮಗಳು ಹಿಂಗ ಸುಮ್ಮನ ಕುಂತ್ರ ನನಗ ತಡಕೊಳ್ಳಾಕ ಆಗಂಗಿಲ್ಲ. ಎಲ್ಲಿಂದ ಕಲತಿ ಇದನ್ನ?

ಎಷ್ಟು ದೂರ ಜಾರಿತು ಗಾಡಿ? ಅದನ್ನಾದ್ರೂ ಹೇಳು.

ಹತ್ತು ಮಾರು... ಹಿಂದಕ್ಕ?

ಮತ್ತಿಮರ ಅಡ್ಡ ಬಂತಾ.

...ಮರ ಅಡ್ಡ ಬಂತು.

ಇರು, ನನಗೊಂದಿಷ್ಟು ನೀರು... ಬ್ಯಾಡ. ಬ್ಯಾಡ. ಕುಂತೇನಿ, ಏನೂ ಆಗಿಲ್ಲ.

ಅದನ್ನ ಬೆಳಕಿಗೆ ಹಿಡೀಬ್ಯಾಡ.

ಸ್ಫೂರ್ತಿ, ಹಿಡೀಬ್ಯಾಡ ಅಂದೆ. ಆ ಕಡೆ ಮಗ್ಗಲು... ಆತು. ಹಿಡಿದಿ. ಓದಿದಿ.

ಹೂಂ. ನನ್ನ ಗುರುತ ಅದು. ಮೂರು ಚುಕ್ಕಿ, ಬಾಜೂಕ ವರ್ಷ. ನಾ ಬಿಚ್ಚಿ ಮುಚ್ಚಿದ ಯಾವ ಸಾಮಾನಿಗೂ ಪಂಚು ಹೊಡೀದ ಬಿಡಂಗಿಲ್ಲ. ನಾಳೆ ತಿರುಗಿ ಬಂದ್ರ, ಯಾರು ಮುಟ್ಟಿದ್ದು, ಎಂದು ಮುಟ್ಟಿದ್ದು ಅಂತ ಯಾರೂ ಸುಳ್ಳು ಹೇಳಬಾರದು, ಅದಕ್ಕ. ನಿನಗ ನಾನೇ ಕಲಿಸೀನಿ ಓದಾಕ. ಹತ್ತೊಂಬತ್ತು. ನೀ ಗಾಡಿ ತಗೊಂಡ ವರ್ಷ. ಇಪ್ಪತ್ತೆರಡು. ಅದರ ಕೆಳಗಿಂದು, ಇನ್ನೂ ಹೊಳಿಯೋದು, ಹೋದ ವಾರದ್ದು.

ಹೋದ ವಾರ ಡಬ್ಬಿ ಒಡೆದ ಸಾಮಾನಿನ ಮ್ಯಾಲ ಹತ್ತೊಂಬತ್ತು ಅಂತ ಇರಾಕ ಸಾಧ್ಯ ಇಲ್ಲ. ಹೌದು.

ಹೊಡೀಬಾರದಾಗಿತ್ತು ನಾನು. ಕಳ್ಳತನ ಮಾಡಾಕ ಕುಂತವ ರುಜು ಹಾಕ್ತಾನೇನು? ಕೈ ಕೇಳಲಿಲ್ಲ. ಗ್ರೀಸು ತುಂಬಿದೆ, ಸುತ್ತಿಗಿ ತಗೊಂಡೆ, ಹೊಡದೆ. ಹೊಡದಾದ ಮ್ಯಾಲ ಗೊತ್ತಾತು. ಹೋಗ್ಲಿ, ಯಾರು ನೋಡ್ತಾರ ಅಂದ್ಕೊಂಡೆ.

ನೀ ನಿನ್ನ ಗೆಳತಿ ಚೇತನಾನ ಮದವಿ ಅಂತ ವಾನಳ್ಳಿಗೆ ಹೋಗಿದ್ದಿ. ಎರಡು ದಿನ. ಸೊಹೇಲ ಸೆಟ್ಟು ತಂದು ಇಲ್ಲೇ ಇಟ್ಟು ಹೋದ. ಬಲಗಡೇದು ಹಾಕಿದೆ. ಎಷ್ಟು ಚಂದ ಕೂತಿತ್ತು ಅಂದ್ರ, ಹಂಥಾ ಸಾಮಾನು ನಾ ಕೈಯಾಗ ಹಿಡದಿರಲಿಲ್ಲ. ಎಡಗಡೇದು ಹಾಕಾಕ ಎತ್ತಿಕೊಂಡೆ, ಹಾಕಾಕ ಆಗಲಿಲ್ಲ. ಇದನ್ನೂ ಹಾಕಿದ್ರ ಈ ಹುಡುಗಿ ನಿಂದರಂಗಿಲ್ಲ ಅನ್ನಿಸ್ತು. ಹತ್ತತಾಳ. ಅಲ್ಲೀತನಾ ಹತ್ತತಾಳ. ಹಳೇದಕ್ಕ ಗ್ರೀಸು ತುಂಬಿ ತಿರುಗಿ ಒಳಗ ಇಟ್ಟು ಮುಚ್ಚಿದೆ. ನಿನಗ ಬ್ಯಾಡ ಅನ್ನಬಹುದಾಗಿತ್ತು. ಹೋಗಬ್ಯಾಡ, ನನಗ ಅಂಜಿಕಿ ಆಕ್ಕೈತಿ ಅಂತ. ನಾಕು ಶಬ್ದ. ಬರಲಿಲ್ಲ. ಪಾನಾ ಹಿಡಿದು ನಟ್ಟು ತಿರುವೋದು ಹಗುರ ಅನ್ನಿಸ್ತು.

ಆ ಹಳೇದು ಇಷ್ಟು ತಾಳ್ತೈತಿ ಅಂತ ಯಾರಿಗೆ ಗೊತ್ತು. ಮೊದಲನೇ ಗುಂಡಿ ದಾಟಿತು, ಎರಡನೇದು ದಾಟಿತು... ಬುಡಕ್ಕ ಮುರೀಲಿ ಅಂತ ಬಿಟ್ಟದ್ದು ತುದೀಗೆ ಹೋಗಿ ಮುರೀತು. ಹೊಸದು ಹಾಕಿದ್ರ ನೀ ಆ ಏರು ಹತ್ತಿ ಆ ಕಡೆ ಇಳದಿರ್ತಿದ್ದಿ. ಅಷ್ಟ ಕತಿ. ನಿನ್ನ ಉಳಸಾಕ ಹೋಗಿ ನಾನ...

ಅದನ್ನ ಮಾತಿನಾಗ ಹೇಳಾಕ ಬರಂಗಿಲ್ಲ ನನಗ.

ಹೊಸದಾ? ಐತಿ. ಮನ್ಯಾಗ ಅಕ್ಕಿ ಡಬ್ಬ್ಯಾಗ ಐತಿ. ನಿಮ್ಮಜ್ಜಿ ನೋಡ್ಯಾಳ. ನಾ ಏನೂ ಹೇಳಲಿಲ್ಲ, ಅಕ್ಕಿಗೆ ಹುಳ ಹಿಡೀಬಾರದಂತ ಇಟ್ಟಾನ ಅಂತ ತಿಳಕೊಂಡು ಅದರ ಮ್ಯಾಲ ಬೇವಿನ ಎಲಿ ಹಾಕಿ ಮುಚ್ಯಾಳ. ಕೊಯಮತ್ತೂರಿಗೆ ಬರಿಯೋದೇನು ಬೇಕಾಗಿಲ್ಲ. ಸೊಹೇಲನ ಮಾಲಿಗೆ ಸಮ ಅವರದಿಲ್ಲ.

ಹೂಂ, ಗೊತ್ತಾತು. ಅದನ್ನ ಇಲ್ಲಿ ನಿನ್ನ ಮುಂದ ಹೇಳಿ ಉಪಯೋಗ ಇಲ್ಲ ಅಂತೀ.

ಅನ್ನಲಿಲ್ಲ ನೀನು. ಆದ್ರೂ.

ಒಂದು ಮಾತು ಹೇಳಿಬಿಡ್ತೀನಿ. ಬೆಳಿಗ್ಗೆ ಏಳಕ್ಕ ಅಬ್ದುಲ್ ಬಂದಿದ್ದ. ಈಗ ನೀ ಕುಂತಲ್ಲೇ ಕುಂತ. ನಾ ಚಾ ತರಿಸಿದೆ. ಮಗನ ಸುದ್ದಿ ಎತ್ತತಾನ, ಜಗಳ ಮಾಡ್ತಾನ ಅಂದ್ಕೊಂಡಿದ್ದೆ. ಎತ್ತಲಿಲ್ಲ. ಸುಮಾರು ಹೊತ್ತು ನಿನ್ನ ಗಾಡಿ ಕಡೆ ನೋಡಿದ. ಆಮ್ಯಾಲ ಕೇಳಿದ್ದು ಒಂದೇ ಮಾತು.

"ಎಡಗಡೇದಾ, ಶಿವಲಿಂಗ?"

ಹೂಂ ಅಂದೆ. ಮತ್ತ ಕೇಳಲಿಲ್ಲ ಅವ. ಚಾ ಅರ್ಧಕ್ಕ ಇಟ್ಟು ಎದ್ದ. ಬಾಗಿಲಾಗ ಚಪ್ಪಲಿ ಮೆಟ್ಟೂವಾಗ, ನನ್ನ ಮಾರಿ ನೋಡದ ಹೇಳಿದ, ನಾಕಕ್ಕ ನೀ ಬರಬ್ಯಾಡ, ಬಿಸಲು ಭಾಳ ಇರ್ತೈತಿ ಅಂತ.

ಗೊತ್ತೈತಿ ಅವಂಗ. ಎಡಗಡೇದು ಹಳೇದಿರ್ಲಿ ಅಂತಿದ್ದವರಾಗ ಅವನೂ ಒಬ್ಬ. ಗೊತ್ತಿದ್ದು ಹೋಗಿ ಅಲ್ಲಿ ಕುಂಡ್ರತಾನ. ಇವರು ಅವನ ಮಗನ್ನ ಖೋಟಾ ಮಾಲು ಮಾರೋನು ಅಂತಾರ, ಇಂವ ಕೇಳಕೋಂತ ಕುಂಡ್ರತಾನ. ಸೊಹೇಲ ಅಪ್ಪನ ಮಾರಿ ನೋಡ್ತಾನ. ಅಬ್ದುಲ್ ಬಾಯಿ ಬಿಡಂಗಿಲ್ಲ. ನನ್ನ ಹೆಸರು ಅವನ ಬಾಯಿಂದ ಬರಂಗಿಲ್ಲ.

ನಾಕು ಗಂಟೆಗೆ ಆ ಅಂಗಡಿ ಮುಂದ ನೆರಳ ಇರ್ತೈತಿ. ಎಲ್ಲಿ ಬಿಸಲು.

...

ನೀ ಬಾ ನನ್ನ ಕೂಡ. ನೀನೇ ಹೇಳಿಬಿಡು. ಚುಕ್ಕಿ ತೋರಿಸು, ಅಜ್ಜ ಹಿಂಗ ಮಾಡ್ಯಾನ ಅನ್ನು, ನಾ ಬಾಜೂಕ ನಿಂತು ತಲಿ ಹಾಕ್ತೀನಿ. ನಿನಗ ಮಾತು ಬರ್ತೈತಿ. ಕಲತಾಕಿ ನೀನು.

ಇಲ್ಲಾ.

ಆತು. ಆ ಬಟ್ಟಲ ಕೊಡು, ಅರಿವ್ಯಾಗ ಸುತ್ತಿಕೊಂಡು ಹೋಗ್ತೀನಿ.

ಅದಕ್ಕೂ ಮೊದಲು, ಆ ಇಪ್ಪತ್ತೊಂದರ ಪಾನಾ ಈಕಡೆ ಕೊಡು. ಬಲಗಡೇ ಗಾಲಿ ಬಿಚ್ಚಿ ತೋರಸ್ತೀನಿ. ಅದು ಹೊಸದೇ ಐತಿ. ಅದನ್ನ ನಾ ಸರಿ ಹಾಕೀನಿ, ಆಣಿ ಮಾಡಿ ಹೇಳ್ತೀನಿ. ಐತವಾರದ ಚಿಂತಿ ಬ್ಯಾಡ, ಎಡಗಡೇದೂ ನಾನೇ...

ಏನು? ಪಾನಾ ಕೊಡಂಗಿಲ್ಲಾ?

ನೀನೇ ಬಿಚ್ಚತಿಯಾ. ಒಂದೇ ಕೈಲೆ.

ಬಲಗಡೇದನ್ನೂ.

ಹೂಂ. ನೋಡು. ಬಿಚ್ಚಿ ನೋಡಬೇಕು.